ಗೇಮ್ ಆಡಿ ನಾಣ್ಯಗಳೇ ಖಾಲಿಯಾದವೇ? ಸತ್ಯಾಂಶ

ಹುಬ್ಬಳ್ಳಿ-ಧಾರವಾಡದ ಗೆಳೆಯರ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಆಗಾಗ ಬರುತ್ತದೆ. ಮೆಷಿನ್‌ಗೆ ನಾಣ್ಯ ಹಾಕಿ ಆಡುವ 1978ರ ‘ಸ್ಪೇಸ್ ಇನ್‌ವೇಡರ್ಸ್’ ವಿಡಿಯೋ ಗೇಮ್‌ನಿಂದ ಜಪಾನಿನಲ್ಲಿ 100 ಯೆನ್ ನಾಣ್ಯಕ್ಕೇ ಬರ ಬಂತು ಅಂತ.

ಇದಕ್ಕೆ ಗಟ್ಟಿ ಆಧಾರವಿಲ್ಲ. ಮೆಷಿನ್‌ಗೆ ಬಿದ್ದ ನಾಣ್ಯ ಅಲ್ಲೇ ಕೂರುವುದಿಲ್ಲ. ಮಾಲೀಕರು ಡಬ್ಬಿ ತೆಗೆದು ಬ್ಯಾಂಕಿಗೆ ಕಟ್ಟುತ್ತಾರೆ. ದುರ್ಗದ ಬೈಲಿನ ಅಂಗಡಿಯ ಗಲ್ಲಾಕ್ಕೆ ಬಿದ್ದ ಚಿಲ್ಲರೆ ಸಂಜೆಯೊಳಗೆ ಮತ್ತೊಬ್ಬ ಗಿರಾಕಿಯ ಕೈ ಸೇರುತ್ತದೆ, ಅಲ್ವಾ? ಹಾಗೆಯೇ. ಇನ್ನೊಂದು ವಿಷಯ. 1978 ಮತ್ತು 1979ರಲ್ಲಿ ಜಪಾನ್ ಟಂಕಿಸಿದ 100 ಯೆನ್ ನಾಣ್ಯಗಳು 1977ಕ್ಕಿಂತ ಕಡಿಮೆ. ಕೊರತೆ ಇದ್ದಿದ್ದರೆ ಜಾಸ್ತಿ ಟಂಕಿಸಬೇಕಿತ್ತು.

ಈ ವರ್ಷವಾರು ಲೆಕ್ಕ ನಾಣ್ಯ ಸಂಗ್ರಹಿಸುವವರ ಕ್ಯಾಟಲಾಗ್‌ಗಳಲ್ಲಿ ಸಿಗುತ್ತದೆ, ಫೋನಿನಲ್ಲೇ ಹುಡುಕಬಹುದು. ಆ ಕಾಲದ ಯಾವ ಪತ್ರಿಕೆ, ಯಾವ ತಾರೀಖು ಅಂತ ಮೆಸೇಜಿನಲ್ಲಿ ಇದೆಯಾ ನೋಡಿ. ಒಂದೇ ವಾಕ್ಯ ಹತ್ತು ಕಡೆ ಕಂಡರೆ ಅದು ಹತ್ತು ಸಾಕ್ಷಿಯಲ್ಲ. ಹಂಚಿದವರನ್ನು ದೂರಬೇಕಿಲ್ಲ, ಈ ಕಥೆ ಪುಸ್ತಕಗಳಲ್ಲೂ ಅಚ್ಚಾಗಿದೆ.

ನನಗೆ ಬೇಸರ ಏನೆಂದರೆ, ಈ ಕಥೆಯ ಗದ್ದಲದಲ್ಲಿ ಆಟದ ನಿಜವಾದ ಸಾಧನೆ ಮರೆಯಾಗುತ್ತದೆ. ಆಟದಲ್ಲಿ ಹೊಡೆದುರುಳಿಸಬೇಕಾದ ಶತ್ರುಗಳು ಕಡಿಮೆಯಾದಂತೆ ಉಳಿದವು ಜೋರಾಗಿ ಓಡುತ್ತವೆ. ಪರದೆಯ ಮೇಲೆ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾಗಿ ಪ್ರೊಸೆಸರ್ (ಮೆಷಿನ್ ನಡೆಸುವ ಚಿಪ್) ಮೇಲಿನ ಭಾರ ಇಳಿಯುತ್ತಿತ್ತು. ವಿನ್ಯಾಸಕಾರರು ಅದನ್ನು ತಿದ್ದದೆ ಹಾಗೇ ಬಿಟ್ಟರು. ಆಡುವವರ ಎದೆಬಡಿತ ಏರಿದ್ದು ಅದರಿಂದಲೇ. 1980ರಲ್ಲಿ ಅದು ಅಟಾರಿ ಕಂಪನಿಯ ಮನೆ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ) ಬಂದಾಗ, ಈ ಒಂದು ಆಟಕ್ಕಾಗಿಯೇ ಎಷ್ಟೋ ಜನ ಕನ್ಸೋಲ್ ಕೊಂಡರು.