ಸ್ಪಷ್ಟನೆ: ಇಬ್ಬರು ವಾಕರ್, ಎರಡು ಮನೆ

‘ಮ್ಯಾಡಮ್ ಸಿ. ಜೆ. ವಾಕರ್ ಬಂಗಲೆ ಈಗ ಮ್ಯೂಸಿಯಂ, ಪ್ರವೇಶ ಉಚಿತ’ ಎಂಬ ಸಂದೇಶ ಅಮೆರಿಕ ಪ್ರವಾಸಕ್ಕೆ ಹೊರಟವರ ನಡುವೆ ಹರಿದಾಡುತ್ತಿದೆ. ಇದು ತಪ್ಪು. ಇಬ್ಬರು ಮಹಿಳೆಯರ ಮನೆಗಳು ಇದರಲ್ಲಿ ಬೆರೆತುಹೋಗಿವೆ.

ಕೇಶತೈಲ, ಸೌಂದರ್ಯವರ್ಧಕಗಳ ಉದ್ಯಮ ಕಟ್ಟಿದ ಸಿ. ಜೆ. ವಾಕರ್ ಅವರ ‘ವಿಲ್ಲಾ ಲೆವಾರೊ’ ನ್ಯೂಯಾರ್ಕ್ ರಾಜ್ಯದ ಅರ್ವಿಂಗ್ಟನ್‌ನಲ್ಲಿದೆ. ಕಪ್ಪು ವಾಸ್ತುಶಿಲ್ಪಿ ವರ್ಟ್ನರ್ ಟ್ಯಾಂಡಿ ವಿನ್ಯಾಸಗೊಳಿಸಿದ ಈ ಮನೆ 1918ರಲ್ಲಿ ಮುಗಿಯಿತು. ಮರುವರ್ಷವೇ ಸಿ. ಜೆ. ವಾಕರ್ ಅಲ್ಲಿ ತೀರಿಕೊಂಡರು. 1976ರಿಂದ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕ. ಆದರೆ ಸ್ಮಾರಕ ಎಂದಮಾತ್ರಕ್ಕೆ ಬಾಗಿಲು ತೆರೆದಿರುತ್ತದೆ ಎಂದಲ್ಲ: ಅದು ಖಾಸಗಿ ಆಸ್ತಿ, ನಿತ್ಯದ ವೀಕ್ಷಣೆ ಇಲ್ಲ. ನೇರ ಹೋದವರು ಗೇಟಿನಿಂದಲೇ ಮರಳಬೇಕಾಗುತ್ತದೆ.

ಉಚಿತವಾಗಿ ನೋಡಬಹುದಾದದ್ದು ಮ್ಯಾಗಿ ವಾಕರ್ ಅವರ ಮನೆ, ವರ್ಜೀನಿಯಾದ ರಿಚ್ಮಂಡ್‌ನಲ್ಲಿ. 1903ರಲ್ಲಿ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದವರು ಇವರು. ಮನೆಯ ನಿರ್ವಹಣೆ ಅಮೆರಿಕ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ನದು. ಇಲ್ಲೂ ನೇರ ಮನೆಬಾಗಿಲಿಗೆ ಹೋಗಬೇಡಿ. ಒಳಗೆ ಬಿಡುವುದು ರೇಂಜರ್ (ಅಲ್ಲಿನ ಮಾರ್ಗದರ್ಶಿ ಸಿಬ್ಬಂದಿ) ಜತೆಗೆ ಮಾತ್ರ. ಮೊದಲು ಸಂದರ್ಶಕ ಕೇಂದ್ರಕ್ಕೆ ಹೋಗಿ. ಕೋಣೆಗಳು ಇಕ್ಕಟ್ಟು, ತಂಡಗಳು ಚಿಕ್ಕವು. ಗುಂಪಾಗಿ ಬರುವವರು ಮುಂಚಿತವಾಗಿ ಕೇಳಿಕೊಳ್ಳಲೇಬೇಕು. ತೆರೆದಿರುವ ದಿನಗಳು ಬದಲಾಗುವುದರಿಂದ, ಹೊರಡುವ ಮುನ್ನ ಅಧಿಕೃತ ಜಾಲತಾಣ ನೋಡಿ. ಕುಟುಂಬ ಬಳಸಿದ ಮೂಲ ಪೀಠೋಪಕರಣಗಳು ಈಗಲೂ ಅಲ್ಲಿವೆ, ಅವಸರ ಮಾಡದೆ ನೋಡಿ.