ಮಾನೆಯ ದಾನ ಹೊಗಳೋಣ, ಆ 5% ಎಲ್ಲಿ ಹೋಯ್ತು ಅಂತಲೂ ಕೇಳೋಣ

ಒಡೆದ ಫೋನ್ ಹಿಡಿದ ಫುಟ್‌ಬಾಲ್ ಆಟಗಾರ ಸಾದಿಯೋ ಮಾನೆಯ ಫೋಟೋ ಆಗಾಗ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂದೇ ಬರುತ್ತೆ. ಸೆನೆಗಲ್‌ನ ಬಾಂಬಾಲಿ ಅನ್ನೋ ತನ್ನ ಹಳ್ಳಿಗೆ ಶಾಲೆ ಕಟ್ಟಿಸಿದ, ಆಸ್ಪತ್ರೆ ಕಟ್ಟಿಸಿದ. ಅವನ ಅಪ್ಪ ತೀರಿಕೊಂಡಾಗ ಆ ಊರಲ್ಲಿ ಆಸ್ಪತ್ರೆಯೇ ಇರಲಿಲ್ಲ. ಎಷ್ಟು ಹೊಗಳಿದರೂ ಸಾಲದು. ನನ್ನ ತಕರಾರು ಬೇರೆ. ಆಟಗಾರನನ್ನ ಬೆಳೆಸಿದ ಊರಿಗೆ, ಕ್ಲಬ್ಬಿಗೆ ಹಣ ಬರೋದು ಅವನ ಒಳ್ಳೇತನವನ್ನೇ ನಂಬಿಕೊಂಡಿರಬಾರದು. ಫುಟ್‌ಬಾಲ್‌ನ ವಿಶ್ವ ಸಂಸ್ಥೆ ಫಿಫಾದ ನಿಯಮದಲ್ಲೇ ಬೆಳೆಸಿದ ಕ್ಲಬ್‌ಗಳಿಗೆ ಅದು 5% ಪಾಲಿನ ಹಕ್ಕಾಗಿ ಇದೆ. ಆ ಹಕ್ಕು ಎಲ್ಲಿ ಸೋರಿಹೋಗುತ್ತೆ ಅನ್ನೋದನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ಮಾನೆ ಹುಟ್ಟಿದ್ದು 1992ರ ಏಪ್ರಿಲ್‌ನಲ್ಲಿ. ಹದಿಹರೆಯದಲ್ಲಿ ಊರು ಬಿಟ್ಟು ರಾಜಧಾನಿ ಡಕಾರ್‌ಗೆ ಬಂದು, ಜೆನೆರಾಸ್ಯೋಂ ಫುಟ್ ಅಕಾಡೆಮಿಯ ಟ್ರಯಲ್‌ನಲ್ಲಿ ಹರಿದ ಬೂಟಲ್ಲೇ ಆಡಿ ಆಯ್ಕೆಯಾದ. ಆ ಅಕಾಡೆಮಿಗೆ ಫ್ರಾನ್ಸ್‌ನ ಮೆಟ್ಸ್ ಕ್ಲಬ್ ಜೊತೆ ಒಪ್ಪಂದವಿತ್ತು, ಹಾಗಾಗಿ 2011ರಲ್ಲಿ ಮೆಟ್ಸ್ ಸೇರಿದ. ಮುಂದೆ 2012ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್, 2014ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್, 2016ರಲ್ಲಿ ಅಲ್ಲಿನದೇ ಲಿವರ್‌ಪೂಲ್, 2022ರಲ್ಲಿ ಜರ್ಮನಿಯ ಬಯರ್ನ್, 2023ರಲ್ಲಿ ಸೌದಿ ಅರೇಬಿಯಾದ ಅಲ್ ನಸ್ರ್. ಗೋಲುಗಳ ಕಥೆ ಎಲ್ಲರಿಗೂ ಗೊತ್ತು.

ಈಗ ಲೆಕ್ಕಕ್ಕೆ ಬರೋಣ. ಆಟಗಾರನನ್ನ ಒಂದು ಕ್ಲಬ್ ಕೊಂಡಾಗ ಟ್ರಾನ್ಸ್‌ಫರ್ ಹಣದಲ್ಲಿ 5% ತೆಗೆದು, ಅವನಿಗೆ 12ರಿಂದ 23 ತುಂಬುವ 12 ಸೀಸನ್‌ಗಳಲ್ಲಿ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಬೇಕು. ಇದಕ್ಕೆ ಸಾಲಿಡಾರಿಟಿ ಪಾಲು ಅಂತಾರೆ. ಮೊದಲ ನಾಲ್ಕು ಸೀಸನ್‌ಗೆ ತಲಾ 0.25%, ಆಮೇಲಿನ ಎಂಟಕ್ಕೆ ತಲಾ 0.5%. 16 ದಾಟಿದ ಹುಡುಗನನ್ನ ಎರಡು ಸೀಸನ್ ಬೆಳೆಸಿದ ಅಕಾಡೆಮಿಗೆ 1% ಅಂದ ಹಾಗಾಯ್ತು. ಕೇಳೋಕೆ ಸಣ್ಣದು. ಆದರೆ ಸೌತಾಂಪ್ಟನ್‌ನಿಂದ ಲಿವರ್‌ಪೂಲ್‌ಗೆ ಮಾನೆ ಹೋದಾಗ ವರದಿಯಾದ ಬೆಲೆ ಸುಮಾರು 3.4 ಕೋಟಿ ಪೌಂಡ್. ಅದರ 1% ಅಂದ್ರೆ 3.4 ಲಕ್ಷ ಪೌಂಡ್. ಡಕಾರ್‌ನ ಅಕಾಡೆಮಿಯೊಂದಕ್ಕೆ ಅದು ಎಷ್ಟು ದೊಡ್ಡ ಮೊತ್ತ ಅಂತ ಯೋಚಿಸಿ.

ಆ ಟ್ರಾನ್ಸ್‌ಫರ್‌ನಲ್ಲಿ ಫಿಫಾ ನಿಯಮದ ಪ್ರಕಾರ ಸೆನೆಗಲ್‌ಗೆ ಸಿಗಬೇಕಾಗಿದ್ದ ಪಾಲು ಸೊನ್ನೆ. ಕಾರಣ, ಎರಡೂ ಇಂಗ್ಲೆಂಡಿನ ಕ್ಲಬ್‌ಗಳು. ಆಗಿನ ನಿಯಮ ದೇಶದಿಂದ ದೇಶಕ್ಕೆ ಆಟಗಾರ ಹೋದರೆ ಮಾತ್ರ ಅನ್ವಯಿಸುತ್ತಿತ್ತು. ಅವನ ವೃತ್ತಿಯ ಅತಿ ದುಬಾರಿ ಮಾರಾಟದಲ್ಲೇ ಬೇರಿಗೆ ನೀರು ಬರಲಿಲ್ಲ! ಈ ಲೋಪ ಸರಿಯಾಗಿದ್ದು 2020ರ ಜುಲೈನಲ್ಲಿ. ಈಗ ಒಂದೇ ದೇಶದ ಎರಡು ಕ್ಲಬ್‌ಗಳ ನಡುವಿನ ಮಾರಾಟದಲ್ಲೂ, ಹೊರದೇಶದಲ್ಲಿ ಅವನನ್ನ ಬೆಳೆಸಿದ ಕ್ಲಬ್‌ಗೆ ಪಾಲು ಕೊಡಲೇಬೇಕು. ಇಷ್ಟು ತಡವಾಗಿದ್ದು ಅನ್ಯಾಯ ಅಂತಲೇ ನಾನು ಹೇಳೋದು.

ನಿಯಮ ಸರಿಹೋದ ಮಾತ್ರಕ್ಕೆ ಹಣ ಕೈಸೇರಲ್ಲ. 2022ರ ನವೆಂಬರ್‌ನಿಂದ ಈ ಪಾಲುಗಳನ್ನ ಲೆಕ್ಕಹಾಕಿ ಹಂಚುವ ಫಿಫಾ ಕ್ಲಿಯರಿಂಗ್ ಹೌಸ್ ಅನ್ನೋ ಸಂಸ್ಥೆ ಮೂಲಕ ಪಾವತಿ ಆಗುತ್ತೆ. ಆಟಗಾರ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಾವ ಕ್ಲಬ್‌ನಲ್ಲಿ ನೋಂದಣಿ ಆಗಿದ್ದ ಅನ್ನೋ ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್ ನೋಡಿ ಅವರು ಪಾಲು ಲೆಕ್ಕ ಹಾಕೋದು. ಕೆಡೋದೇ ಇಲ್ಲಿ. ಹಳ್ಳಿ ಮೈದಾನದಲ್ಲಿ, ಸೆನೆಗಲ್‌ನ ನಾವೆತಾನ್ ಅನ್ನೋ ಬಡಾವಣೆ ಟೂರ್ನಿಗಳಲ್ಲಿ ಆಡಿದ ವರ್ಷಗಳಿಗೆ ಆಟಗಾರನ ಲೈಸೆನ್ಸ್, ಅಂದ್ರೆ ಕ್ಲಬ್‌ನ ನೋಂದಣಿ ಇಲ್ಲದಿದ್ದರೆ ಆ ಸೀಸನ್‌ಗಳು ಯಾವ ಕ್ಲಬ್‌ನ ಹೆಸರಿಗೂ ಬೀಳಲ್ಲ. ಇನ್ನು ಕೆಲವು ಕಡೆ ನೋಂದಣಿ ಇದ್ದರೂ ಹೆಸರಿನ ಕಾಗುಣಿತ ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ವಯಸ್ಸು ಕಡಿಮೆ ತೋರಿಸೋಕೆ ಜನ್ಮದಿನಾಂಕ ತಿದ್ದಿದ್ದರಂತೂ ಎಲ್ಲಾ ಸೀಸನ್‌ಗಳ ಲೆಕ್ಕವೇ ತಲೆಕೆಳಗು. ದಾಖಲೆ ಸರಿಯಿದ್ದು, ಬ್ಯಾಂಕ್ ಖಾತೆ ಕ್ಲಬ್‌ನ ಬದಲು ಅಧ್ಯಕ್ಷರ ಹೆಸರಲ್ಲಿದ್ದರೂ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೆ.

ಆದ್ದರಿಂದ ಸಣ್ಣ ಅಕಾಡೆಮಿಗಳು ಮೊದಲು ಕೊಳ್ಳಬೇಕಾದ್ದು ಫೈಲ್ ಕಪಾಟು. 12 ತುಂಬುವ ಸೀಸನ್‌ನಿಂದಲೇ ದೇಶದ ಫುಟ್‌ಬಾಲ್ ಫೆಡರೇಷನ್‌ನಲ್ಲಿ ನೋಂದಣಿ, ಪ್ರತಿ ಸೀಸನ್ ನವೀಕರಣ, ಜನನ ಪ್ರಮಾಣಪತ್ರದಲ್ಲಿರೋ ಹೆಸರೇ ಎಲ್ಲಾ ಕಡೆ. ಯುರೋಪಿನ ಕ್ಲಬ್ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಮುಂದಿನ ಪಾಲನ್ನ ಬಿಟ್ಟುಕೊಡುವ ಸಾಲು ಎಲ್ಲಾದರೂ ಅಡಗಿದೆಯಾ ಅಂತ ವಕೀಲರ ಹತ್ತಿರ ಓದಿಸಬೇಕು.

ಹುಡುಗರ ಮನೆಯವರಿಗೂ ಇದೇ ಎಚ್ಚರ ಬೇಕು. 18 ತುಂಬದ ಆಟಗಾರ ಕೆಲವೇ ವಿನಾಯಿತಿಗಳನ್ನ ಬಿಟ್ಟರೆ ಹೊರದೇಶದ ಕ್ಲಬ್‌ಗೆ ನೋಂದಣಿ ಆಗುವಂತಿಲ್ಲ. 15ರ ಹುಡುಗನಿಗೆ ಪ್ಯಾರಿಸ್‌ನಲ್ಲಿ ಕಾಂಟ್ರ್ಯಾಕ್ಟ್ ರೆಡಿ ಇದೆ ಅಂತ ಹಣ ಕೇಳುವವನು ಹೊಲ ಮಾರಿಸಿ, ಹುಡುಗನನ್ನ ಪ್ರವಾಸಿ ವೀಸಾದಲ್ಲಿ ಕರೆದೊಯ್ದು ಬೀದಿಯಲ್ಲಿ ಬಿಟ್ಟುಬರ್ತಾನೆ. ಹೀಗೆ ಬೀದಿಪಾಲಾದವರಿಗಾಗಿಯೇ ಕ್ಯಾಮರೂನ್‌ನ ಮಾಜಿ ಆಟಗಾರ ಜಾನ್ ಕ್ಲೋಡ್ ಎಂಬ್ವೂಮಿನ್ 2000ದಲ್ಲಿ ಫ್ರಾನ್ಸ್‌ನಲ್ಲಿ ಫುಟ್ ಸಾಲಿಡೇರ್ ಸಂಸ್ಥೆ ಕಟ್ಟಿದ್ದು. ಏಜೆಂಟ್ ಯಾರೇ ಇರಲಿ, ಮೊದಲು ಅವನ ಫಿಫಾ ಲೈಸೆನ್ಸ್ ಕೇಳಿ, ಟ್ರಯಲ್‌ಗೆ ಕರೆದಿದ್ದೇವೆ ಅಂತ ಆ ಕ್ಲಬ್‌ನಿಂದಲೇ ಬರಹದಲ್ಲಿ ಖಾತ್ರಿ ಮಾಡಿಕೊಳ್ಳಿ. ಅಷ್ಟೂ ಆಗುವವರೆಗೆ ಒಂದು ಪೈಸೆಯೂ ಕೈಬಿಡಬೇಡಿ, ಪಾಸ್‌ಪೋರ್ಟ್ ಅಂತೂ ಯಾರ ಕೈಗೂ ಕೊಡಬೇಡಿ.