ಮುಗಿಯದ ಫ್ಯಾಂಟಸಿ ಸರಣಿಗೆ ಕೈ ಹಾಕಬಹುದಾ?

ಪರ: ಕೊನೆ ಬರಲಿ ಬಿಡಲಿ, ಓದೋಣ

ನಾನು ಈಗ ಓದುತ್ತಿರುವುದು ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದ ಸ್ಟಾರ್ಮ್‌ಲೈಟ್ ಸರಣಿಯ ಎರಡನೇ ಪುಸ್ತಕ. ಒಟ್ಟು 10 ಬರೆಯುವ ಯೋಜನೆ ಅವರದು. ಮೊದಲನೆಯದು ಬಂದಿದ್ದು 2010ರಲ್ಲಿ, ಐದನೆಯದು 2024ರಲ್ಲಿ. ಹತ್ತನೆಯದು ಬರುವ ಹೊತ್ತಿಗೆ ನನ್ನ ಕನ್ನಡಕದ ನಂಬರ್ ಎಷ್ಟಾಗಿರುತ್ತದೋ ಗೊತ್ತಿಲ್ಲ.

"ಸರಣಿ ಮುಗಿದ ಮೇಲೆ ಹೇಳು, ಆಗ ಓದ್ತೀನಿ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಇವರಿಗೆ ಕತೆ ಬೇಡ, ಗ್ಯಾರಂಟಿ ಕಾರ್ಡ್ ಬೇಕು. ನಾವು ಕಾದಂಬರಿ ಅನ್ನುತ್ತೇವಲ್ವಾ, ಆ ಪದ ಬಂದಿದ್ದೇ ಬಾಣಭಟ್ಟನ ಪುಸ್ತಕದಿಂದ. ಅದರಲ್ಲಿ ಗಿಣಿ ಕತೆ ಹೇಳುತ್ತದೆ, ಶಾಪ ಇದೆ, ಸತ್ತವರು ಮತ್ತೆ ಹುಟ್ಟಿ ಬರುತ್ತಾರೆ. ಅಪ್ಪಟ ಫ್ಯಾಂಟಸಿ. ಬಾಣ ಅದನ್ನು ಮುಗಿಸಲೇ ಇಲ್ಲ, ಅವನು ಹೋದ ಮೇಲೆ ಮಗ ಮುಗಿಸಿದ. ಕುಮಾರವ್ಯಾಸನ ಭಾರತವೂ ಹತ್ತು ಪರ್ವಕ್ಕೆ ನಿಂತಿದೆ. ಉಳಿದದ್ದನ್ನು ಬರೆದವನು ತಿಮ್ಮಣ್ಣ ಕವಿ. ಈಗ ಹೇಳಿ, ಜನ ಹಾಡಿಕೊಂಡು ಬಂದಿದ್ದು ಯಾರದನ್ನು?

ನನ್ನದೇ ಕತೆ ಹೇಳುತ್ತೇನೆ. ಜಾರ್ಜ್ ಮಾರ್ಟಿನ್ ಅವರ ಸರಣಿಯನ್ನು ನಾನೂ ತಮ್ಮನೂ ಒಂದೇ ಪ್ರತಿ ಇಟ್ಟುಕೊಂಡು ಓದಿದೆವು, ಅವನು ಹಗಲು, ನಾನು ರಾತ್ರಿ. ಜಾನ್ ಸ್ನೋ ತಾಯಿ ಯಾರು ಅಂತ ಜಗಳ ಆಡಿ, ಹಳೇ ಡೈರಿಯ ಕೊನೆಯಲ್ಲಿ ಇಬ್ಬರ ಊಹೆಯನ್ನೂ ಬರೆದು ಸಹಿ ಹಾಕಿಟ್ಟೆವು. ಐದನೆಯದು 2011ರಲ್ಲಿ ಬಂತು. ಆರನೆಯದಕ್ಕೆ ಇನ್ನೂ ದಾರಿ ನೋಡುತ್ತಿದ್ದೇವೆ. ಅಷ್ಟರಲ್ಲಿ ಅವನು ಕೆಲಸ ಹಿಡಿದು ದೂರ ಹೋದ. ಮಾತು ಕಮ್ಮಿ ಆಸಾಮಿ, ನನ್ನ ಹುಟ್ಟುಹಬ್ಬಕ್ಕೂ ಫೋನ್ ಮಾಡುವವನಲ್ಲ, ಆದರೆ ಆರನೆಯದು ಬರುತ್ತಂತೆ ಅಂತ ಯಾವುದಾದರೂ ಗಾಳಿಸುದ್ದಿ ಹಬ್ಬಿದ ದಿನ ಮಾತ್ರ ತಪ್ಪದೆ ಮಾಡುತ್ತಾನೆ, ಮಾತು ಅಲ್ಲಿಂದ ಶುರುವಾಗಿ ಅಮ್ಮನ ಮಂಡಿನೋವು, ಅವನ ಮಗಳ ಹೊಸ ಹಲ್ಲು ಎಲ್ಲ ಮುಗಿಸಿಕೊಂಡು ಒಂದು ಗಂಟೆಗೆ ನಿಲ್ಲುತ್ತದೆ. ಪುಸ್ತಕ ನಿಜವಾಗಿ ಬಂದುಬಿಟ್ಟರೆ ಈ ಫೋನಿನ ಗತಿ ಏನು ಅಂತ ಒಮ್ಮೊಮ್ಮೆ ದಿಗಿಲಾಗುತ್ತದೆ.

ಮತ್ತೆ, ಎಲ್ಲರೂ ಕಾದು ಕೂತರೆ ಮೊದಲ ಪುಸ್ತಕ ಕೊಳ್ಳುವವರು ಯಾರು? ಅದು ಮಾರಾಟವಾಗದಿದ್ದರೆ ಪ್ರಕಾಶಕರು ಮೂರನೆಯದಕ್ಕೆ ಯಾಕೆ ದುಡ್ಡು ಹಾಕಬೇಕು? ಹೆಸರು ಮಾಡಿದವರು ಹೇಗೋ ಬದುಕುತ್ತಾರೆ. ಹೊಸಬರ ಸರಣಿಯನ್ನು ಕೊಲ್ಲುವುದು ಈ ಕಾಯುವವರೇ.

ಅಷ್ಟರಲ್ಲಿ ಮರೆತುಹೋಗುತ್ತೆ ಅಂತೀರಾ? ಮತ್ತೆ ಓದಿ. ಅದೇನು ಶಿಕ್ಷೆಯಾ?

ವಿರೋಧ: ಮುಗಿಯಲಿ, ಆಮೇಲೆ ನೋಡೋಣ

ಈ ಪಕ್ಷ ನನ್ನ ಪಾಲಿಗೆ ಬಂದಿದ್ದು, ನಾನಾಗಿ ಕೇಳಿ ತಗೊಂಡಿದ್ದಲ್ಲ. ಹಾಗಂತ ಇದರಲ್ಲಿ ಹುರುಳಿಲ್ಲ ಅಂತೇನೂ ಅಲ್ಲ.

ಮುಖ್ಯವಾಗಿ ನೆನಪು. ನಾಲ್ಕಾರು ರಾಜಮನೆತನ, ಮಂತ್ರಕ್ಕೊಂದು ನಿಯಮ, ಸಾವಿರ ವರ್ಷದ ಹಿಂದಿನ ಯುದ್ಧ, ಮೇಲೊಂದು ಭೂಪಟ. ಮೂರು ವರ್ಷ ಬಿಟ್ಟು ಮುಂದಿನ ಪುಸ್ತಕ ತೆರೆದರೆ ಯಾರೋ ಸಾಯುತ್ತಾನೆ, ಎಲ್ಲರೂ ಅಳುತ್ತಾರೆ, ನಮಗೆ ಮಾತ್ರ ಅವನು ಯಾರು ಅಂತಲೇ ಹೊಳೆಯುವುದಿಲ್ಲ. ಮೊದಲಿಂದ ಮತ್ತೆ ಓದಿ ಅನ್ನುವವರಿಗೆ ಬಹುಶಃ ಬೇರೆ ಕೆಲಸ ಇಲ್ಲ.

ರಾಬರ್ಟ್ ಜೋರ್ಡನ್ ತಮ್ಮ ವೀಲ್ ಆಫ್ ಟೈಮ್ ಸರಣಿಯನ್ನು 1990ರಲ್ಲಿ ಶುರು ಮಾಡಿ 2007ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿ ಇಟ್ಟುಕೊಂಡು ಸ್ಯಾಂಡರ್ಸನ್ ಮುಗಿಸಿಕೊಟ್ಟರು. 14ನೇ ಪುಸ್ತಕ, ಅಂದರೆ ಕೊನೆಯದು, ಬಂದಿದ್ದು 2013ರಲ್ಲಿ. ನಾನು ಅದಾದ ಮೇಲೆ ಶುರು ಮಾಡಿದವನು. ಹತ್ತನೆಯದರಲ್ಲಿ ಕತೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಆದರೆ ಇನ್ನೂ ನಾಲ್ಕು ಪುಸ್ತಕ ಕಪಾಟಿನಲ್ಲಿ ಕಾಣುತ್ತಿದ್ದವು, ಹಲ್ಲು ಕಚ್ಚಿ ದಾಟಿದೆ. 2000ದಲ್ಲಿ ಒಂಬತ್ತನೆಯದನ್ನು ಮುಗಿಸಿ, 2003ರ ತನಕ ಕಾದು, ಆಮೇಲೆ ಕೈಗೆ ಸಿಕ್ಕಿದ್ದು ಇದು ಅಂತಾದರೆ ಆಗಲೇ ಓದುತ್ತಿದ್ದವರ ಹೊಟ್ಟೆ ಎಷ್ಟು ಉರಿದಿರಬೇಡ?

ಹಳೇ ಕಾವ್ಯಗಳ ಹೆಸರೆತ್ತುವವರು ಒಂದು ಮರೆಯುತ್ತಾರೆ. ಅವನ್ನೆಲ್ಲ ಯಾರೋ ಮುಗಿಸಿಕೊಟ್ಟ ಮೇಲೆಯೇ ನಾವು ಓದುತ್ತಿರುವುದು. ಅದು ನನ್ನ ಪಕ್ಷದ ಸಾಕ್ಷಿ, ಅವರದ್ದಲ್ಲ.

ಇನ್ನು ನನ್ನ ದಿಂಬಿನ ಪಕ್ಕ ಏನಿದೆ ಅಂತ ಕೇಳಿದರೆ, ಪ್ಯಾಟ್ರಿಕ್ ರಾತ್‌ಫಸ್ ಅವರ ದಿ ನೇಮ್ ಆಫ್ ದಿ ವಿಂಡ್. 2007ರ ಪುಸ್ತಕ. ಎರಡನೆಯದು 2011ರಲ್ಲಿ ಬಂತು, ಮೂರನೆಯದರ ಸುಳಿವಿಲ್ಲ. ಎಲ್ಲ ಗೊತ್ತಿತ್ತು. ಗೆಳತಿಯೊಬ್ಬಳು ಕೈಗೆ ತುರುಕಿ ಹೋದಳು, ಸುಮ್ನೆ ಹತ್ತು ಪುಟ ನೋಡೋಣ ಅಂತ ತೆರೆದೆ. ಈಗ ನಾನೂರು ದಾಟಿದೆ. ಎರಡನೆಯದನ್ನು ಇನ್ನೂ ತರಿಸಿಲ್ಲ, ಅಷ್ಟರ ಮಟ್ಟಿಗೆ ಈ ಪಕ್ಷದಲ್ಲೇ ಇದ್ದೇನೆ.